ಕಫದಲ್ಲಿ ಕಂಡ ಕಡ್ಡಿಯೆಲ್ಲ ಕ್ಷಯವಲ್ಲ: ಆರೋಗ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಇಲಾಖೆಯ ಆಯುಕ್ತರಿಗೆ ಹಾಗೂ ರಾಜ್ಯದ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದ ಅಧಿಕಾರಿಗಳಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಮ್ಮ ರಾಜ್ಯದಲ್ಲಿ ಕ್ಷಯದ ಹೆಸರಿನಲ್ಲಿ ತಿಂಗಳುಗಟ್ಟಲೆ ಮಾತ್ರೆ ನುಂಗುತ್ತಿರುವವರಲ್ಲಿ ಕೆಲವರಿಗೆ ಇರುವ ಕಾಯಿಲೆ ಕ್ಷಯವೇ ಅಲ್ಲ. ಅವರ ಶ್ವಾಸಕೋಶವನ್ನು ಹಾಳುಗೆಡವುತ್ತಿರುವುದು ಕ್ಷಯದ ರೋಗಾಣುವಿನ ದಾಯಾದಿಗಳಾದ, ವೈದ್ಯರು ಚುಟುಕಾಗಿ ಎನ್‌ಟಿಎಂ ಎನ್ನುವ ಕ್ಷಯೇತರ ಮೈಕೋಬ್ಯಾಕ್ಟೀರಿಯಾಗಳು. ಜಿಲ್ಲಾ ಕೇಂದ್ರವೊಂದರಲ್ಲಿ ಬಹುಕಾಲದಿಂದ ಶ್ವಾಸಕೋಶ ತಜ್ಞನಾಗಿ ಕೆಲಸ ಮಾಡುತ್ತಿರುವ ನಾನು ಈ ಪತ್ರದ ಮೂಲಕ ಕೇಳಿಕೊಳ್ಳುತ್ತಿರುವುದು ಎರಡೇ ವಿಷಯ. ಇಂಥ ರೋಗಿಯ ಕಫದಲ್ಲಿರುವ ರೋಗಾಣು ಯಾವುದೆಂದು ಹೆಸರು ಹಿಡಿದು ಹೇಳುವ ವ್ಯವಸ್ಥೆ ಆಗಬೇಕು; ಹೆಸರು ಗೊತ್ತಾದ ಮೇಲೆ ಆ ರೋಗಿಯನ್ನು ಕಾರ್ಯಕ್ರಮವು ಕೈಬಿಡದೆ ತನ್ನವನೆಂದು ಒಪ್ಪಿಕೊಳ್ಳಬೇಕು.

ಮೈಕೋಬ್ಯಾಕ್ಟೀರಿಯಂ ಕುಲದಲ್ಲಿ ಇದುವರೆಗೆ ಸುಮಾರು 200 ಪ್ರಭೇದಗಳನ್ನು ಗುರುತಿಸಲಾಗಿದೆ. ಕ್ಷಯವನ್ನು ತರುವ ಗುಂಪನ್ನೂ ಕುಷ್ಠದ ರೋಗಾಣುವನ್ನೂ ಬಿಟ್ಟರೆ ಉಳಿದವೆಲ್ಲ ಎನ್‌ಟಿಎಂಗಳೇ. ಇವು ಮಣ್ಣಿನಲ್ಲಿವೆ, ಕೆರೆ ಹೊಳೆಗಳಲ್ಲಿವೆ, ನಲ್ಲಿ ನೀರಿನ ಪೈಪುಗಳ ಒಳಗೋಡೆಗೆ ಅಂಟಿಕೊಳ್ಳುವ ಲೋಳೆಪದರದಲ್ಲಿವೆ. ಮೇಣದಂಥ ಕೊಬ್ಬಿನಿಂದಾದ ಹೊರಕವಚ ಇರುವುದರಿಂದ ಕುಡಿಯುವ ನೀರಿಗೆ ಹಾಕುವ ಕ್ಲೋರಿನ್ನಿಗೆ ಇವು ಸುಲಭವಾಗಿ ಸಾಯುವುದಿಲ್ಲ, ಮತ್ತು ನೀರು ಸಿಡಿದು ತುಂತುರಾದಾಗ ಗಾಳಿಗೇರಿ ಉಸಿರಿನೊಂದಿಗೆ ಒಳಹೋಗುತ್ತವೆ. ನಾವೆಲ್ಲರೂ ದಿನನಿತ್ಯ ಇವುಗಳನ್ನು ಉಸಿರಾಡುತ್ತಲೇ ಇದ್ದೇವೆ; ಆರೋಗ್ಯವಂತ ಶ್ವಾಸಕೋಶ ಅವನ್ನು ಹೊರಹಾಕುತ್ತದೆ. ತೊಂದರೆಯಾಗುವುದು ಈಗಾಗಲೇ ಪೆಟ್ಟು ತಿಂದ ಶ್ವಾಸಕೋಶಕ್ಕೆ: ಹಿಂದೆಂದೋ ಕ್ಷಯವಾಗಿ ವಾಸಿಯಾದ ಜಾಗದ ಕಲೆ, ಶ್ವಾಸನಾಳಗಳು ಹಿಗ್ಗಿ ಕಫ ಮಡುಗಟ್ಟುವ ಬ್ರಾಂಕಿಯೆಕ್ಟೇಸಿಸ್, ಬೀಡಿ ಸಿಗರೇಟಿನಿಂದಲೋ ಒಲೆಯ ಹೊಗೆಯಿಂದಲೋ ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗಿ ಉಸಿರು ಕಟ್ಟುವ ಸಿಒಪಿಡಿ, ಕಲ್ಲಿನ ದೂಳಿನಿಂದಾದ ಸಿಲಿಕೋಸಿಸ್. ಇದ್ಯಾವುದೂ ಇಲ್ಲದ, ಸಣಕಲು ಮೈಕಟ್ಟಿನ, ನಡುವಯಸ್ಸು ದಾಟಿದ ಹೆಂಗಸರಲ್ಲಿ ಬಲಗಡೆಯ ನಡುಹಾಲೆಯನ್ನೂ ಎಡಗಡೆಯ ಅದಕ್ಕೆ ಸಮನಾದ ಭಾಗವನ್ನೂ ಮೆಲ್ಲಗೆ ಕೆಡಿಸುತ್ತಾ ಹೋಗುವ ಇನ್ನೊಂದು ಬಗೆಯೂ ಉಂಟು. ಹಳೆಯ ಕ್ಷಯದ ಕಲೆ ಹೊತ್ತ ಶ್ವಾಸಕೋಶಗಳು ನಮ್ಮ ದೇಶದಲ್ಲಿ ಎಷ್ಟಿವೆ ಎಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮವರೇ.

ಇದು ಹೊಸದಾಗಿ ಹುಟ್ಟಿಕೊಂಡ ಕಾಯಿಲೆಯಲ್ಲ. ಅಮೆರಿಕದ ಕಾನ್ಸಾಸ್ ನಗರದಲ್ಲಿ ಕ್ಷಯದಂತೆಯೇ ಕಾಣುವ ಶ್ವಾಸಕೋಶದ ಕಾಯಿಲೆಯವರಿಂದ ಹಳದಿ ಬಣ್ಣಕ್ಕೆ ತಿರುಗುವ ಬೇರೊಂದು ರೋಗಾಣುವನ್ನು ಬೆಳೆಸಿ ವರದಿ ಮಾಡಿದ್ದು 1953ರಲ್ಲಿ. ಅದೇ ಇಂದಿನ ಮೈಕೋಬ್ಯಾಕ್ಟೀರಿಯಂ ಕಾನ್ಸಾಸಿ. ಜಾರ್ಜಿಯಾ ರಾಜ್ಯದ ಬ್ಯಾಟಿ ಆಸ್ಪತ್ರೆ ಎಂಬ ಕ್ಷಯರೋಗಿಗಳ ಆಸ್ಪತ್ರೆಯಲ್ಲಿ ಅದೇ ದಶಕದಲ್ಲಿ ಸಿಕ್ಕ ಇನ್ನೊಂದಕ್ಕೆ ಬಹುಕಾಲ ಬ್ಯಾಟಿ ಬ್ಯಾಸಿಲಸ್ ಎಂದೇ ಹೆಸರಿತ್ತು. ಈಗ ಅದು ಮೈಕೋಬ್ಯಾಕ್ಟೀರಿಯಂ ಇಂಟ್ರಾಸೆಲ್ಯುಲೇರ್, ಏವಿಯಂ ಎಂಬ ಎನ್‌ಟಿಎಂ ಗುಂಪಿಗೆ ಸೇರಿದ್ದು. ನೆರೆಯ ತಮಿಳುನಾಡಿನ ಚೆಂಗಲ್ಪಟ್ಟು ಜಿಲ್ಲೆಯಲ್ಲಿ 1968ರಲ್ಲಿ ಆರಂಭವಾದ ಬಿಸಿಜಿ ಲಸಿಕೆಯ ಮಹಾಪ್ರಯೋಗ ವಯಸ್ಕರ ಶ್ವಾಸಕೋಶದ ಕ್ಷಯವನ್ನು ತಡೆಯಲಿಲ್ಲವೆಂದು ತಿಳಿದಾಗ, ಅದಕ್ಕೆ ತಜ್ಞರು ಮುಂದಿಟ್ಟ ಕಾರಣಗಳಲ್ಲಿ ಮುಖ್ಯವಾದುದೇ ಆ ಸೀಮೆಯ ಜನ ಎಳವೆಯಿಂದಲೇ ಪರಿಸರದ ಮೈಕೋಬ್ಯಾಕ್ಟೀರಿಯಾಗಳಿಗೆ ಒಡ್ಡಿಕೊಂಡಿದ್ದಾರೆ ಎಂಬುದು. ಅಂದರೆ ಲಸಿಕೆ ಏಕೆ ಸೋತಿತೆಂದು ವಿವರಿಸುವಾಗ ನಾವು ಎನ್‌ಟಿಎಂ ಅನ್ನು ನೆನೆದೆವು, ಚಿಕಿತ್ಸೆ ಏಕೆ ಸೋತಿತೆಂದು ಕೇಳಿಕೊಳ್ಳುವಾಗ ಮಾತ್ರ ಮರೆತೆವು.

ಮರೆಯುವುದಕ್ಕೆ ಕಾರಣ ನಮ್ಮ ಪರೀಕ್ಷೆಯ ಸ್ವರೂಪದಲ್ಲೇ ಇದೆ. ಕಫವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಕಾರ್ಬಾಲ್ ಫುಕ್ಸಿನ್ ಹಾಕಿ ಕಾಯಿಸಿ, ಆಮ್ಲದಲ್ಲಿ ತೊಳೆದು, ನೀಲಿ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ನೀಲಿ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಕಡ್ಡಿಗಳು ಕಾಣುತ್ತವೆ. ಆ ಕಡ್ಡಿ ಕ್ಷಯದ್ದೋ, ಏವಿಯಂ ಗುಂಪಿನದ್ದೋ, ಅಬ್ಸೆಸಸ್ ಎಂಬ ಇನ್ನೊಂದು ಎನ್‌ಟಿಎಂನದ್ದೋ ಎಂದು ಎಷ್ಟೇ ನುರಿತ ಪ್ರಯೋಗಾಲಯ ತಂತ್ರಜ್ಞರೂ ಕಣ್ಣಳತೆಯಲ್ಲಿ ಹೇಳಲಾರರು. ಶಾಲೆಯ ಅಂಗಳದಲ್ಲಿ ಸಮವಸ್ತ್ರ ತೊಟ್ಟು ನಿಂತ ಮಕ್ಕಳನ್ನು ಮಹಡಿಯಿಂದ ನೋಡಿ ಇವನು ಇಂಥವರ ಮಗನೆಂದು ಹೇಳಲಾಗುವುದಿಲ್ಲವಲ್ಲ, ಹಾಗೆ. ಸಿಬಿನಾಟ್ ಮತ್ತು ಟ್ರೂನಾಟ್ ಯಂತ್ರಗಳು ಬಂದ ಮೇಲೆ ಈ ಗೊಂದಲ ತಿಳಿಯಾಗಬೇಕಿತ್ತು. ಅವು ಕ್ಷಯದ ರೋಗಾಣುವಿನ ಜೀನನ್ನಷ್ಟೇ ಹುಡುಕುವುದರಿಂದ, ಸೂಕ್ಷ್ಮದರ್ಶಕದಲ್ಲಿ ಕಡ್ಡಿಗಳು ಧಾರಾಳವಾಗಿ ಕಂಡು ಯಂತ್ರ ಮಾತ್ರ ಕ್ಷಯವಿಲ್ಲ ಎಂದರೆ ಎನ್‌ಟಿಎಂ ಅನ್ನು ಶಂಕಿಸಲೇಬೇಕು.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಅದರ ಬಗ್ಗೆ ತಾವು ವಿಶೇಷವಾಗಿ ಯೋಚಿಸಬೇಕೆಂದು ಕೋರುತ್ತೇನೆ. ಇತ್ತೀಚಿನ ವರ್ಷಗಳಲ್ಲಿ ಮೊದಲ ಪರೀಕ್ಷೆಯಾಗಿಯೇ ಸಿಬಿನಾಟ್ ಅಥವಾ ಟ್ರೂನಾಟ್ ಮಾಡಬೇಕೆಂಬ ನೀತಿ ಬಂದಿದೆ. ಕ್ಷಯದ ದೃಷ್ಟಿಯಿಂದ ಇದು ನಿಸ್ಸಂಶಯವಾಗಿ ಒಳ್ಳೆಯ ನೀತಿ, ನಾನು ಅದನ್ನು ವಿರೋಧಿಸುತ್ತಿಲ್ಲ. ಅದರ ಅಡ್ಡಪರಿಣಾಮವೆಂದರೆ, ಯಂತ್ರ ಇಲ್ಲವೆಂದ ಮೇಲೆ ಸೂಕ್ಷ್ಮದರ್ಶಕದಲ್ಲಿ ಯಾರೂ ಇಣುಕಿ ನೋಡುವುದೇ ಇಲ್ಲ. ಎಕ್ಸ್‌ರೇಯಲ್ಲಿ ಮೇಲ್ಹಾಲೆಯಲ್ಲಿ ಕುಳಿಯೊಂದು ಕಾಣುತ್ತದೆ, ರೋಗಿ ಸೊರಗಿದ್ದಾನೆ, ಸಂಜೆಯ ಹೊತ್ತು ಜ್ವರವಿದೆ, ಹಿಂದೊಮ್ಮೆ ಕ್ಷಯವೂ ಆಗಿತ್ತು. ಹಾಗಾಗಿ ಲಕ್ಷಣಗಳ ಆಧಾರದ ಮೇಲೆ ಕ್ಷಯವೆಂದು ಬರೆದು ನಾಲ್ಕು ಔಷಧಗಳ ಮಾತ್ರೆ ಆರಂಭಿಸಲಾಗುತ್ತದೆ. ಎನ್‌ಟಿಎಂ ರೋಗಿ ಅಲ್ಲಿಂದಾಚೆಗೆ ದಾಖಲೆಯಲ್ಲಿ ಮರೆಯಾಗಿಬಿಡುತ್ತಾನೆ.

ನಾನು ಕಂಡ ಒಬ್ಬ ಮಹಿಳೆಯ ಸಂಗತಿಯನ್ನು, ಅವರ ಗುರುತು ಸಿಗದಷ್ಟು ವಿವರಗಳನ್ನು ಬಿಟ್ಟು, ಇಲ್ಲಿ ಹೇಳುತ್ತೇನೆ. ಅಡಿಕೆ ಸುಲಿಯುವ ಕೆಲಸದ, ಅರವತ್ತರ ಅಂಚಿನಲ್ಲಿದ್ದ ಅವರಿಗೆ ತರುಣಿಯಾಗಿದ್ದಾಗ ಒಮ್ಮೆ ಕ್ಷಯವಾಗಿ ಗುಣವಾಗಿತ್ತು. ಮತ್ತೆ ಕೆಮ್ಮು, ಕಫದಲ್ಲಿ ರಕ್ತದ ಗೆರೆ ಕಾಣಿಸಿಕೊಂಡಾಗ ಆರು ತಿಂಗಳು ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿದರು. ಖಾಲಿಯಾದ ಮಾತ್ರೆ ಪಟ್ಟಿಗಳನ್ನೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟುಕೊಂಡಿದ್ದನ್ನು ನನಗೆ ತಂದು ತೋರಿಸಿದರು. ಮೊದಲೆರಡು ತಿಂಗಳು ಸುಧಾರಿಸಿದಂತೆ ಕಂಡು ಆಮೇಲೆ ನಿಂತಲ್ಲೇ ನಿಂತಿತು, ಕಫದಲ್ಲಿ ಕಡ್ಡಿಗಳು ಹಾಗೆಯೇ ಉಳಿದವು. ಮಾತ್ರೆ ಸರಿಯಾಗಿ ನುಂಗಿಲ್ಲವೆಂಬ ಗದರಿಕೆ, ಔಷಧಕ್ಕೆ ಬಗ್ಗದ ಕ್ಷಯವಿರಬಹುದೆಂಬ ಅನುಮಾನ, ಮತ್ತೆ ಅದೇ ಮಾತ್ರೆಗಳ ಇನ್ನೊಂದು ಸುತ್ತು. ಮನೆಯಲ್ಲಿ ಅವರ ತಟ್ಟೆ ಲೋಟ ಬೇರೆಯಾದವು, ಸೊಸೆ ಮೊಮ್ಮಗುವನ್ನು ಕರೆದುಕೊಂಡು ತವರಿಗೆ ಹೋದಳು. ಕೊನೆಗೊಮ್ಮೆ ಕಫವನ್ನು ಕಲ್ಚರಿಗೆ, ಅಂದರೆ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸಿದಾಗ ಬೆಳೆದದ್ದು ಮೈಕೋಬ್ಯಾಕ್ಟೀರಿಯಂ ಇಂಟ್ರಾಸೆಲ್ಯುಲೇರ್. ಇನ್ನೊಂದು ದಿನದ ಕಫದಲ್ಲೂ ಅದೇ. ಇದು ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆಯಲ್ಲ ಎಂದು ನಾನು ಹೇಳಿದಾಗ ಆಕೆ ಕೇಳಿದ್ದು ಔಷಧದ ಬಗ್ಗೆಯಲ್ಲ. “ಹಂಗಾರೆ ಮಗೀನ ಎತ್ಕೋಬೌದಾ ಸಾರ್?” ಎಂದು ಕೇಳಿದರು.

ಮೊದಲೆರಡು ತಿಂಗಳು ಸುಧಾರಿಸಿದ್ದು ಆಕಸ್ಮಿಕವಲ್ಲ. ಕ್ಷಯದ ಮಾತ್ರೆಗಳಲ್ಲಿರುವ ರಿಫಾಂಪಿಸಿನ್ ಮತ್ತು ಎಥಾಂಬ್ಯುಟಾಲ್ ಏವಿಯಂ ಗುಂಪಿನ ಮೇಲೂ ಅಷ್ಟಿಷ್ಟು ಕೆಲಸ ಮಾಡುತ್ತವೆ; ಕಾನ್ಸಾಸಿಯ ಮೇಲಂತೂ ಚೆನ್ನಾಗಿಯೇ ಮಾಡುತ್ತವೆ. ಹೀಗಾಗಿ ಕಾನ್ಸಾಸಿ ರೋಗಿ ಕ್ಷಯದ ಹೆಸರಿನಲ್ಲೇ ಸುಧಾರಿಸಿ, ಬೇಕಾದ 12 ತಿಂಗಳ ಬದಲು ಆರೇ ತಿಂಗಳಿಗೆ ಮಾತ್ರೆ ನಿಲ್ಲಿಸಿ, ಗುಣಮುಖನೆಂದು ದಾಖಲಾಗಬಹುದು. ಏವಿಯಂ ರೋಗಿ ಅರ್ಧ ಸುಧಾರಿಸಿ ಮತ್ತೆ ಕುಸಿಯುತ್ತಾನೆ. ಅಬ್ಸೆಸಸ್ ರೋಗಿಗೆ ಈ ನಾಲ್ಕು ಔಷಧಗಳಿಂದ ಏನೇನೂ ಪ್ರಯೋಜನವಿಲ್ಲ. ಯಕೃತ್ತಿಗೆ ಪೆಟ್ಟು, ಕೈಕಾಲು ಜೋಮು, ಎಥಾಂಬ್ಯುಟಾಲಿನಿಂದ ಕಣ್ಣಿಗೆ ಆಗಬಹುದಾದ ಹಾನಿ ಇವು ಮಾತ್ರ ಅವನ ಪಾಲಿಗೆ. ಮೂವರೂ ಕ್ಷಯರೋಗಿಗಳನ್ನು ದಾಖಲಿಸುವ ಸರ್ಕಾರದ ನಿಕ್ಷಯ್ ಪೋರ್ಟಲಿನಲ್ಲಿ ಕ್ಷಯರೋಗಿಗಳೇ.

ಹಾಗೆಂದು ಕಫದಲ್ಲಿ ಎನ್‌ಟಿಎಂ ಬೆಳೆದ ಕೂಡಲೇ ಚಿಕಿತ್ಸೆ ಶುರುಮಾಡಿ ಎಂದು ನಾನು ಹೇಳುತ್ತಿಲ್ಲ. ಅದು ಇನ್ನೊಂದು ಬಗೆಯ ಅನಾಹುತ. ನಲ್ಲಿ ನೀರಿನಲ್ಲಿ ಬಾಯಿ ಮುಕ್ಕಳಿಸಿ ಆ ಕ್ಷಣವೇ ಉಗುಳಿಕೊಟ್ಟ ಕಫದಲ್ಲಿ ನೀರಿನ ರೋಗಾಣುವೇ ಬೆಳೆಯಬಹುದು. ಗೋರ್ಡೋನೆ ಎಂಬ ಪ್ರಭೇದ ಸಿಕ್ಕರೆ ಅದು ಬಹುಮಟ್ಟಿಗೆ ಹೊರಗಿನಿಂದ ಸೇರಿದ್ದೇ. ಶ್ವಾಸನಾಳದೊಳಗೆ ಇಳಿಸಿ ನೋಡುವ ಕೊಳವೆಯಾದ ಬ್ರಾಂಕೋಸ್ಕೋಪನ್ನು ನಲ್ಲಿ ನೀರಿನಲ್ಲಿ ಜಾಲಾಡಿಸಿದ್ದರಿಂದ ಒಂದೇ ಆಸ್ಪತ್ರೆಯ ಹಲವು ರೋಗಿಗಳಲ್ಲಿ ಇಲ್ಲದ ಕಾಯಿಲೆ ಇದೆಯೆಂದು ವರದಿಯಾದ ಪ್ರಸಂಗಗಳು ವೈದ್ಯಕೀಯ ಸಾಹಿತ್ಯದಲ್ಲಿ ಬೇಕಾದಷ್ಟಿವೆ. ಅದಕ್ಕೆಂದೇ ಅಮೆರಿಕ ಮತ್ತು ಯುರೋಪಿನ ತಜ್ಞ ಸಂಘಗಳು ಸೇರಿ 2020ರಲ್ಲಿ ಹೊರತಂದ ಮಾರ್ಗಸೂಚಿ ಮೂರನ್ನೂ ಒಟ್ಟಿಗೆ ಕೇಳುತ್ತದೆ: ರೋಗಲಕ್ಷಣ ಇರಬೇಕು, ಎಕ್ಸ್‌ರೇ ಅಥವಾ ಸಿಟಿ ಸ್ಕ್ಯಾನಿನಲ್ಲಿ ಕುಳಿಯೋ ಗಂಟುಗಳೋ ಹಿಗ್ಗಿದ ಶ್ವಾಸನಾಳಗಳೋ ಕಾಣಬೇಕು, ಮತ್ತು ಬೇರೆ ಬೇರೆಯಾಗಿ ಸಂಗ್ರಹಿಸಿದ ಕನಿಷ್ಠ ಎರಡು ಕಫದ ಮಾದರಿಗಳಲ್ಲಿ ಒಂದೇ ಪ್ರಭೇದ ಬೆಳೆಯಬೇಕು. ಕಫ ಬಾರದವರಲ್ಲಿ ಬ್ರಾಂಕೋಸ್ಕೋಪಿಯಿಂದ ತೆಗೆದ ಒಂದು ಮಾದರಿಯೂ ಸಾಕು. ಇಷ್ಟಿದ್ದೂ ಕೆಲವರನ್ನು ಔಷಧವಿಲ್ಲದೆ ನಿಗಾದಲ್ಲಿಟ್ಟು ನೋಡುವುದೇ ಸರಿಯಾದ ದಾರಿಯಾಗುತ್ತದೆ. ಕುಳಿ ಇರುವವರನ್ನೂ ಕಫದಲ್ಲಿ ಕಡ್ಡಿಗಳು ಕಾಣುವವರನ್ನೂ ಮಾತ್ರ ಕಾಯಿಸುವಂತಿಲ್ಲ.

ಚಿಕಿತ್ಸೆಯ ವಿಷಯದಲ್ಲಿ ಪ್ರಭೇದದ ಹೆಸರೇ ಸರ್ವಸ್ವ. ಏವಿಯಂ ಗುಂಪಿಗೆ ಅಜಿತ್ರೋಮೈಸಿನ್, ರಿಫಾಂಪಿಸಿನ್, ಎಥಾಂಬ್ಯುಟಾಲ್ ಮೂರನ್ನೂ ಸೇರಿಸಿ, ಕಫದ ಕಲ್ಚರ್ ಶುದ್ಧವಾದ ಮೇಲೂ ಕನಿಷ್ಠ ಒಂದು ವರ್ಷ ಕೊಡಬೇಕು. ಕುಳಿ ಇದ್ದರೆ ದಿನವೂ, ಜೊತೆಗೆ ಮೊದಲ ಕೆಲವು ತಿಂಗಳು ಅಮಿಕಾಸಿನ್ ಚುಚ್ಚುಮದ್ದು. ಅಬ್ಸೆಸಸ್ಸಿನಲ್ಲಿಯೇ ಉಪಪ್ರಭೇದಗಳಿದ್ದು, ಒಂದರಲ್ಲಿ ಸಾಮಾನ್ಯವಾಗಿ ಅಜಿತ್ರೋಮೈಸಿನ್ನಿಗೆ ಬಗ್ಗದಂತೆ ಮಾಡುವ ಜೀನ್ ಚುರುಕಾಗಿರುತ್ತದೆ, ಮ್ಯಾಸಿಲಿಯೆನ್ಸ್ ಎಂಬ ಇನ್ನೊಂದರಲ್ಲಿ ಅದೇ ಜೀನ್ ಮೊಟಕಾಗಿ ಕೆಲಸಕ್ಕೆ ಬಾರದಂತಿರುತ್ತದೆ. ಹೆಸರಿನಲ್ಲಿ ಇಷ್ಟು ಸಣ್ಣ ವ್ಯತ್ಯಾಸವಿದ್ದರೂ ಒಬ್ಬ ರೋಗಿ ವಾಸಿಯಾಗುವುದು, ಇನ್ನೊಬ್ಬ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದು ಅದರಿಂದಲೇ ನಿರ್ಧಾರವಾಗುತ್ತದೆ. ಅಲೆಯುವವನಿಗೆ ಇಮಿಪೆನೆಮ್, ಟೈಜಿಸೈಕ್ಲಿನ್, ಅಮಿಕಾಸಿನ್‌ಗಳನ್ನು ವಾರಗಟ್ಟಲೆ ರಕ್ತನಾಳದ ಮೂಲಕ ಕೊಡಬೇಕಾಗುತ್ತದೆ. ದಿನಗೂಲಿಯ ಮನೆಯೊಂದು ಅದರ ವೆಚ್ಚವನ್ನು ಹೇಗೆ ಭರಿಸೀತೆಂಬುದನ್ನು ತಾವೇ ಊಹಿಸಬಹುದು. ಕ್ಲೋಫಜಿಮಿನ್ ಎಂಬ ಹಳೆಯ ಔಷಧ ಇವರಿಗೆ ಬಹಳ ಉಪಯುಕ್ತ. ಅದು ಕುಷ್ಠ ಮತ್ತು ಔಷಧಕ್ಕೆ ಬಗ್ಗದ ಕ್ಷಯದ ಚಿಕಿತ್ಸೆಗೆಂದು ಸರ್ಕಾರದ ದಾಸ್ತಾನಿನಲ್ಲಿದೆ, ಊರಿನ ಔಷಧದಂಗಡಿಯಲ್ಲಿ ಕೇಳಿದರೆ ಸಿಗುವುದು ಕಷ್ಟ. ಉಗ್ರಾಣದ ಬೀಗದ ಕೈ ತಮ್ಮಲ್ಲಿಯೇ ಇದೆ.

ಈಗ ಆರಂಭದಲ್ಲಿ ಹೇಳಿದ ಎರಡು ವಿಷಯಗಳನ್ನು ಮೂರು ಕೋರಿಕೆಗಳಾಗಿ ಬಿಡಿಸಿ ಹೇಳುತ್ತೇನೆ. ಮೊದಲನೆಯದಕ್ಕೆ ಹಣ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಸೂಕ್ಷ್ಮದರ್ಶಕದಲ್ಲಿ ಕಡ್ಡಿ ಕಂಡು ಸಿಬಿನಾಟ್ ಇಲ್ಲವೆಂದವರು, ಹಿಂದೆ ಕ್ಷಯವಾಗಿದ್ದು ಈಗ ಕೇವಲ ಎಕ್ಸ್‌ರೇ ನೋಡಿ ಕ್ಷಯವೆಂದು ಬರೆಯಲ್ಪಟ್ಟವರು, ಹಾಗೂ ಮಾತ್ರೆಗಳನ್ನು ನಿಷ್ಠೆಯಿಂದ ನುಂಗಿಯೂ ಕಫ ಶುದ್ಧವಾಗದವರು, ಈ ಮೂರು ಬಗೆಯವರ ಕಫವನ್ನು ಮಾತ್ರೆ ಆರಂಭಿಸುವ ಅಥವಾ ಬದಲಾಯಿಸುವ ಮುನ್ನವೇ ಕಲ್ಚರಿಗೆ ಕಳಿಸುವುದು ಕಡ್ಡಾಯವಾಗಲಿ. ತೀರಾ ಅಸ್ವಸ್ಥರಾದವರಿಗೆ ಮಾತ್ರೆ ತಡಮಾಡುವಂತಿಲ್ಲ ಎಂಬುದನ್ನೂ ಅದೇ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಬೇಕು. ಮಾದರಿ ಪ್ರಯೋಗಾಲಯಕ್ಕೆ ಹೋಗಲಿ, ಮಾತ್ರೆಯೂ ನಡೆಯಲಿ. ಎರಡನೆಯದು ಪ್ರಯೋಗಾಲಯಗಳಿಗೆ ಸಂಬಂಧಿಸಿದ್ದು. ದ್ರವ ಮಾಧ್ಯಮದಲ್ಲಿ ಬೆಳೆದ ರೋಗಾಣು ಕ್ಷಯದ್ದು ಹೌದೋ ಅಲ್ಲವೋ ಎಂದು ಎಂಪಿಟಿ64 ಪಟ್ಟಿ ಪರೀಕ್ಷೆ ಹದಿನೈದು ನಿಮಿಷದಲ್ಲಿ ಹೇಳುತ್ತದೆ, ನಮ್ಮ ಕಲ್ಚರ್ ಪ್ರಯೋಗಾಲಯಗಳಲ್ಲಿ ಅದು ನಡೆಯುತ್ತಲೂ ಇದೆ. ಆದರೆ ವರದಿಯಲ್ಲಿ ಎನ್‌ಟಿಎಂ ಬೆಳೆದಿದೆ ಎಂಬಲ್ಲಿಗೆ ಮಾತು ನಿಂತುಬಿಡುತ್ತದೆ. ಅಷ್ಟನ್ನೇ ಹಿಡಿದುಕೊಂಡು ಯಾವ ವೈದ್ಯರೂ ಔಷಧ ಬರೆಯಲಾರರು. ಪ್ರಭೇದ ಗುರುತಿಸುವ ಲೈನ್ ಪ್ರೋಬ್ ಕಿಟ್‌ಗಳನ್ನು ಒಂದೆರಡು ಪ್ರಯೋಗಾಲಯಗಳಿಗಾದರೂ ಒದಗಿಸಿ, ಉಳಿದವು ಅಲ್ಲಿಗೆ ಕಳಿಸುವಂತೆ ಮಾಡಬಹುದು. ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಬೆಂಗಳೂರಿನಲ್ಲೇ ಇರುವುದು ನಮಗೊಂದು ಅನುಕೂಲ. ಮೊದಲ ವರದಿ ಬಂದೊಡನೆ ಎರಡನೆಯ ಮಾದರಿಗಾಗಿ ರೋಗಿಯನ್ನು ಕರೆಯುವ ಹೊಣೆ ಯಾರದೆಂದು ನಿಗದಿಯಾಗದಿದ್ದರೆ ಈ ಎಲ್ಲ ಶ್ರಮವೂ ವ್ಯರ್ಥ. ನನ್ನ ಅಭಿಪ್ರಾಯದಲ್ಲಿ ಆ ಹೊಣೆ ಈಗಾಗಲೇ ರೋಗಿಯ ಮನೆ ಬಾಗಿಲು ಬಲ್ಲ ಕ್ಷೇತ್ರ ಸಿಬ್ಬಂದಿಯದಾಗಿರಬೇಕು.

ಮೂರನೆಯ ಕೋರಿಕೆಯೇ ಎಲ್ಲಕ್ಕಿಂತ ಮುಖ್ಯ. ಔಷಧಕ್ಕೆ ಬಗ್ಗದ ಕ್ಷಯದ ರೋಗಿಗಳಿಗಾಗಿ ವೈದ್ಯಕೀಯ ಕಾಲೇಜುಗಳಲ್ಲಿ ತಜ್ಞರ ಸಮಿತಿಗಳಿವೆ. ಅದೇ ಸಮಿತಿ, ಅದೇ ಕೊಠಡಿಯಲ್ಲಿ, ತಿಂಗಳಿಗೊಮ್ಮೆ ಎನ್‌ಟಿಎಂ ರೋಗಿಗಳನ್ನೂ ನೋಡುವಂತಾಗಲಿ, ಅವರು ಬರೆದ ಔಷಧ ಸರ್ಕಾರದಿಂದಲೇ ಸಿಗಲಿ. ಕ್ಷಯರೋಗಿಗೆ 2018ರಿಂದ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರಿನಿಂದ ಅದು 1,000 ಆಗಿದೆ. ಕಲ್ಚರ್ ವರದಿಯಲ್ಲಿ ಹೆಸರು ಬದಲಾದರೆ ಆ ನೆರವಿಗೂ ರೋಗಿ ಎರವಾಗುತ್ತಾನೆ, ಉಚಿತ ಮಾತ್ರೆಗೂ ಎರವಾಗುತ್ತಾನೆ. ಸರಿಯಾದ ರೋಗನಿರ್ಣಯದಿಂದ ಬಡವನಿಗೆ ನಷ್ಟವಾಗುವ ಈ ವಿಚಿತ್ರ ಸ್ಥಿತಿಯಲ್ಲಿ, ಕ್ಷಯವೆಂದೇ ಇರಲಿ ಬಿಡಿ ಎಂದು ರೋಗಿಯ ಕಡೆಯವರೇ ನಮ್ಮನ್ನು ಕೇಳಿಕೊಂಡರೆ ಯಾರನ್ನು ದೂರುವುದು? ಮೈತೂಕ ಕಡಿಮೆಯಿರುವುದು ಈ ಕಾಯಿಲೆ ಉಲ್ಬಣಿಸುವುದಕ್ಕೆ ಒಂದು ಕಾರಣವೆಂದು ಸಿದ್ಧಪಟ್ಟಿರುವಾಗ ಆಹಾರದ ನೆರವನ್ನು ಇವರಿಗೂ ವಿಸ್ತರಿಸುವುದು ಔದಾರ್ಯವಲ್ಲ, ಚಿಕಿತ್ಸೆಯ ಭಾಗ.

ಇದಕ್ಕೆ ಬರಬಹುದಾದ ಆಕ್ಷೇಪ ನನಗೆ ಗೊತ್ತು: ಕ್ಷಯವನ್ನೇ ಮುಗಿಸಲಾಗದೆ ಒದ್ದಾಡುತ್ತಿರುವಾಗ ಈ ಅಪರೂಪದ ಕಾಯಿಲೆಯ ಗೊಡವೆ ಏಕೆ? ಅಪರೂಪವೆಂದು ಹೇಳಲು ಎಣಿಕೆ ಬೇಕು. ಕ್ಷಯವನ್ನು 2012ರ ಮೇ ತಿಂಗಳಿನಿಂದ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಲಾಗಿದೆ, ಎನ್‌ಟಿಎಂಗೆ ಅಂಥ ಕಟ್ಟುಪಾಡಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಇದೆ. ಜಪಾನಿನಲ್ಲಿ 2014ರಲ್ಲಿ ನಡೆದ ಸಮೀಕ್ಷೆ ಲಕ್ಷ ಜನಕ್ಕೆ ವರ್ಷಕ್ಕೆ 14.7 ಹೊಸ ಎನ್‌ಟಿಎಂ ಶ್ವಾಸಕೋಶ ರೋಗಿಗಳನ್ನು ಲೆಕ್ಕಹಾಕಿತು. ಕ್ಷಯ ಇಳಿಮುಖವಾದ ಹಲವು ದೇಶಗಳಲ್ಲಿ ಉಳಿದ ರೋಗಿಗಳ ನಡುವೆ ಎನ್‌ಟಿಎಂ ಪಾಲು ಏರುತ್ತಾ ಬಂದಿದೆ. ನಮ್ಮ ದೇಶ ಕ್ಷಯ ನಿರ್ಮೂಲನೆಗೆ 2025ರ ಗುರಿ ಇಟ್ಟುಕೊಂಡಿತ್ತು. ಇನ್ನು ಮುಂದೆ ಜಿಲ್ಲೆ ಜಿಲ್ಲೆಯ ಪ್ರಗತಿಯನ್ನು ಅಳೆಯುವಾಗ, ಕ್ಷಯವಲ್ಲದವರನ್ನು ಕ್ಷಯದ ಲೆಕ್ಕದಲ್ಲಿ ಸೇರಿಸಿಟ್ಟುಕೊಂಡರೆ ಆ ಅಳತೆಯೇ ತಪ್ಪುತ್ತದೆ.

ಪತ್ರ ಬಹಿರಂಗವಾದುದರಿಂದ ಸಹವೈದ್ಯರಿಗೂ ಒಂದು ಮಾತು. ಕೆಮ್ಮೆಂದು ಬಂದವರಿಗೆಲ್ಲ ಅಜಿತ್ರೋಮೈಸಿನ್ ಬರೆಯುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಬ್ರಾಂಕಿಯೆಕ್ಟೇಸಿಸ್ ಇರುವವರಿಗೆ ಅದನ್ನು ತಿಂಗಳುಗಟ್ಟಲೆ ಕೊಡುವ ಮುನ್ನ ಕಫದಲ್ಲಿ ಎನ್‌ಟಿಎಂ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಏವಿಯಂ ಗುಂಪಿನ ಎದುರು ನಮಗಿರುವ ಅತ್ಯುತ್ತಮ ಔಷಧವೇ ಅದು. ಒಂಟಿಯಾಗಿ ಕೊಟ್ಟರೆ ರೋಗಾಣು ಅದಕ್ಕೆ ಒಗ್ಗಿಕೊಂಡುಬಿಡುತ್ತದೆ, ಆಮೇಲೆ ಗುಣಪಡಿಸುವುದು ಬಹಳ ಕಷ್ಟ. ಲ್ಯಾಪರೋಸ್ಕೋಪಿ ಶಸ್ತ್ರಚಿಕಿತ್ಸೆಯ ಗಾಯಗಳಲ್ಲಿ ಇದೇ ರೋಗಾಣುಗಳು ತರುವ ಮಾಯದ ಹುಣ್ಣುಗಳ ಬಗ್ಗೆ ಶಸ್ತ್ರತಜ್ಞರಿಗೆ ನನಗಿಂತ ಚೆನ್ನಾಗಿ ಗೊತ್ತು. ಅದು ಬೇರೆಯದೇ ಪತ್ರಕ್ಕೆ ವಸ್ತು.

ಇಲಾಖೆಯು ನೀರಿನ ಬಗ್ಗೆ ಜನರನ್ನು ಗಾಬರಿಪಡಿಸುವ ಪ್ರಕಟಣೆಯನ್ನೇನೂ ಹೊರಡಿಸಬಾರದೆಂದೂ ವಿನಂತಿಸುತ್ತೇನೆ. ಸ್ನಾನದ ಷವರಿನ ತಲೆಯಲ್ಲಿ ಏವಿಯಂ ಸಿಕ್ಕಿದ್ದು ಅಮೆರಿಕದ ಅಧ್ಯಯನದಲ್ಲಿ. ಹಂಡೆಯ ನೀರನ್ನು ಚೊಂಬಿನಲ್ಲಿ ಮೊಗೆದು ಮೀಯುವ ಮನೆಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ನಮ್ಮ ನೀರು, ನಮ್ಮ ಮಣ್ಣಿನ ಅಧ್ಯಯನ ನಮ್ಮಲ್ಲೇ ನಡೆಯಬೇಕು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಕಾರ್ಮಿಕರಲ್ಲಿ ಸಿಲಿಕೋಸಿಸ್ಸಿನ ಜೊತೆ ಕಾನ್ಸಾಸಿ ಸೋಂಕು ಹೆಚ್ಚೆಂದು ಬಹಳ ಹಿಂದೆಯೇ ತಿಳಿದಿದೆ. ಆದ್ದರಿಂದ ಅಧ್ಯಯನವನ್ನು ಎಲ್ಲಿಂದ ಆರಂಭಿಸುವುದೆಂಬ ಪ್ರಶ್ನೆ ಬಂದರೆ, 2001ರಲ್ಲಿ ಮುಚ್ಚಿದ ಕೋಲಾರದ ಗಣಿಗಳಲ್ಲಿ ದುಡಿದು ಇಂದಿಗೂ ಕೆಮ್ಮುತ್ತಿರುವ ಹಿರಿಯರಿಂದ, ಹಟ್ಟಿಯ ಗಣಿಯ ಮತ್ತು ಕಲ್ಲು ಕ್ವಾರಿಗಳ ಕಾರ್ಮಿಕರಿಂದ ಆರಂಭಿಸಬಹುದು ಎಂಬುದು ನನ್ನ ಸಲಹೆ.

ಸುತ್ತೋಲೆಯ ಕರಡನ್ನೂ, ಎರಡನೆಯ ಮಾದರಿಯನ್ನು ತರಿಸಿಕೊಳ್ಳಲು ಬಳಸಬಹುದಾದ ಒಂದು ಪುಟದ ನಮೂನೆಯನ್ನೂ ಸಿದ್ಧಪಡಿಸಿಕೊಂಡಿದ್ದೇನೆ. ತಾವು ಸಮಯ ಕೊಟ್ಟಲ್ಲಿ ಅವನ್ನು ತಂದೊಪ್ಪಿಸಿ, ಪ್ರಯೋಗಾಲಯದವರೂ ಕ್ಷೇತ್ರ ಸಿಬ್ಬಂದಿಯೂ ಇರುವ ಸಭೆಯಲ್ಲಿ ಚರ್ಚಿಸಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಜಿಲ್ಲಾ ಕೇಂದ್ರವೊಂದರ ಶ್ವಾಸಕೋಶ ತಜ್ಞ